ಎರಡನೆಯ ಬ್ರೇಕ್

ಕಾರು ಕಲಿಸುವ ಮಾಸ್ತರರಿಗೆ ಊರಿನವರು ಇಟ್ಟ ಹೆಸರು ಗುಡುಗು ಮಾಸ್ತರು. ಅವರ ಬಳಿ ಕಲಿತವರು ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದದ್ದು ಕಡಿಮೆ. ಕಣ್ಣೊರೆಸಿಕೊಳ್ಳದೆ ಕಾರಿನಿಂದ ಇಳಿದವರು ಇನ್ನೂ ಕಡಿಮೆ. "ಅದು ಕಾಲೋ, ಕಂಬವೋ?" ಎಂದು ಅವರು ಒಮ್ಮೆ ಗದರಿದರೆ ಪಕ್ಕದ ಬೀದಿಯ ಸೈಕಲ್ ಸವಾರನೂ ಬ್ರೇಕ್ ಹಿಡಿಯುತ್ತಾನೆ ಎಂಬ ತಮಾಷೆ ಚಾಲ್ತಿಯಲ್ಲಿತ್ತು. ಚರ್ಚಿನ ಭಾನುವಾರದ ಆರಾಧನೆಯಲ್ಲಿ ಅವರು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವರ ಹಿಂದಿನ ಬೆಂಚು ಮಾತ್ರ ಯಾವಾಗಲೂ ಖಾಲಿ. ಮಗು ಅತ್ತರೆ ಮಾಸ್ತರು ತಿರುಗಿ ನೋಡುತ್ತಾರೆ ಎಂಬ ಭಯಕ್ಕೆ ಮಕ್ಕಳೊಂದಿಗರು ಆ ಕಡೆ ಸುಳಿಯುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಗುಡುಗು ನಿಂತಿತು.

ಅವರು ಅಳಲಿಲ್ಲ. ಮಣ್ಣು ಮಾಡಿ ಬಂದ ಮರುವಾರವೇ ಕಾರು ಹೊರಗೆ ತೆಗೆದರು. ಬೆಳಿಗ್ಗೆ ಗಾಜು ಒರೆಸುವುದು, ಟಯರಿನ ಗಾಳಿ ನೋಡುವುದು, ಕಲಿಯುವವರ ಪಕ್ಕದಲ್ಲಿ ಕೂತು ತಮ್ಮ ಕಾಲ ಬಳಿ ಅಳವಡಿಸಿದ ಎರಡನೆಯ ಬ್ರೇಕಿನ ಮೇಲೆ ಪಾದ ಇಡುವುದು, ಎಲ್ಲವೂ ಮೊದಲಿನಂತೆಯೇ ನಡೆಯಿತು. ಗೇರು ಕಿರುಗುಟ್ಟಿದರೆ "ಪರವಾಗಿಲ್ಲ" ಎನ್ನುತ್ತಿದ್ದರು. ವೃತ್ತದ ನಟ್ಟನಡುವೆ ಎಂಜಿನ್ ಆಫ್ ಆಗಿ ಹಿಂದಿನವರೆಲ್ಲ ಹಾರ್ನ್ ಒತ್ತಿದರೂ "ಪರವಾಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ" ಎನ್ನುತ್ತಿದ್ದರು. ಅಡುಗೆಗೆ ಉಪ್ಪು ಹಾಕಿದ್ದರೋ ಇಲ್ಲವೋ ಎಂಬುದು ತಟ್ಟೆ ತೊಳೆಯುವಾಗಲೂ ಅವರಿಗೆ ತಿಳಿದಿರುತ್ತಿರಲಿಲ್ಲ. ಪ್ರಾರ್ಥನೆಗೆ ಮಂಡಿಯೂರಿದರೆ ಮಾತು ಬರುತ್ತಿರಲಿಲ್ಲ. ಮಂಡಿ ನೋಯುವ ತನಕ ಇದ್ದು ಎದ್ದುಬಿಡುತ್ತಿದ್ದರು.

ಚರ್ಚಿನ ಸಭೆಯವರ ಕಣ್ಣಿಗೆ ಇದು ಬೇರೆಯಾಗಿಯೇ ಕಂಡಿತು. ಪುಟಕ್ಕಿಟ್ಟ ಚಿನ್ನ ಅಂದರೆ ಇದೇ ಎಂದು ಮಾತಾಡಿಕೊಂಡರು. ಹಿಂದಿನ ಬೆಂಚು ತುಂಬತೊಡಗಿತು. ಒಂದು ಮಗು ಅವರ ಕೋಟಿನ ಕಾಲರು ಎಳೆದು ಆಡಿತು, ಅವರು ತಿರುಗಲಿಲ್ಲ. ಕೊನೆಗೆ ಸಭಾಪಾಲಕರೇ ಮನೆಗೆ ಬಂದರು.

"ಸಭೆಯ ಹಿರಿಯರಲ್ಲಿ ಒಂದು ಸ್ಥಾನ ಖಾಲಿ ಇದೆ ಮಾಸ್ತರೇ. ಎಲ್ಲರ ಬಾಯಲ್ಲೂ ನಿಮ್ಮ ಹೆಸರೇ. ದೇವರು ನಿಮ್ಮನ್ನ ಸಾಧು ಮಾಡಿದಾನೆ. ಬರೋ ಭಾನುವಾರ ಹೇಳಿಬಿಡ್ಲಾ?"

"ಆಗಲಿ ಅಯ್ಯನವರೇ" ಎಂದರು ಮಾಸ್ತರು. ಆಗ ಅವರು ಯಾವುದಕ್ಕಾದರೂ "ಆಗಲಿ" ಎನ್ನುತ್ತಿದ್ದರು.

ಸಭಾಪಾಲಕರು ಹೋದ ಮೇಲೆ ಬಾಗಿಲು ಹಾಕಿ ಅಲ್ಲೇ ನಿಂತರು. ಎಷ್ಟೋ ವರ್ಷಗಳಿಂದ ಆಸೆಪಟ್ಟ ಸ್ಥಾನ ಅದು. "ಮೊದ್ಲು ಗುಡುಗು ನಿಲ್ಲಲಿ, ಆಮೇಲೆ ಹಿರಿಯರಾಗೋರಂತೆ" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು. ಈಗ ನಿಂತಿದೆ, ಸ್ಥಾನವೂ ಬಂದಿದೆ. ಸಂತೋಷಕ್ಕಾಗಿ ಒಳಗೆಲ್ಲ ತಡಕಾಡಿದರು. ಸಿಗಲಿಲ್ಲ. ಹಿರಿಯರೆಂದರೆ ರೋಗಿಯ ಮಂಚದ ಪಕ್ಕ ಕೂರಬೇಕು, ಗಂಡಹೆಂಡಿರ ಜಗಳ ಬಿಡಿಸಬೇಕು. ತನ್ನೊಳಗೆ ಬಂದದ್ದು ಸಾಧುತ್ವವೋ, ಅಥವಾ ಜೀವವೇ ಹೊರಟುಹೋಗಿದೆಯೋ? ಇದು ತಿಳಿಯದೆ ಭಾನುವಾರ ಎದ್ದು ನಿಂತರೆ ಅದು ಸಭೆಗೆ ಹೇಳುವ ಸುಳ್ಳಾಗುತ್ತದೆ. ಹಾಗೆಂದು ಅನ್ನಿಸಿತೇ ಹೊರತು, ಅದರಿಂದ ನಿದ್ದೆಯೇನೂ ಕೆಡಲಿಲ್ಲ.

ಆ ವಾರ ಕಾರು ಕಲಿಯಲು ಬರುತ್ತಿದ್ದವಳು ಅವರ ನಾದಿನಿ, ಹೆಂಡತಿಯ ತಂಗಿ. ಅವಳೂ ಗಂಡನೂ ಒಂದು ಲಾಂಡ್ರಿ ನಡೆಸುತ್ತಿದ್ದರು. ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ ವ್ಯಾನಿನಲ್ಲಿ ತಲುಪಿಸುವ ಕೆಲಸ. ಗಂಡನ ದೃಷ್ಟಿ ಮಂದವಾಗಿ ಡಾಕ್ಟರು ವ್ಯಾನು ಓಡಿಸಬಾರದು ಎಂದಿದ್ದರು. ಇನ್ನು ಅವಳೇ ಓಡಿಸಬೇಕು. ಅವಳ ಬಾಯಿಗೆ ಬೀಗವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೇರ್ ಬದಲಿಸುತ್ತಾ ಅವಳು ಕೇಳಿದಳು: "ಭಾವ, ಕನ್ನಡಿ ನೋಡಲಿಲ್ಲ ನಾನು, ಬೈಲಿಲ್ಲ. ಇಂಡಿಕೇಟರ್ ಹಾಕಲಿಲ್ಲ, ಆಗಲೂ ಬೈಲಿಲ್ಲ. ಕಾರಲ್ಲಿ ನಾನು ಇದೀನೋ ಇಲ್ವೋ?"

"ಪರವಾಗಿಲ್ಲ."

"ನಿಮ್ಮ ಪರವಾಗಿಲ್ಲಕ್ಕೆ ಬೆಂಕಿ ಬೀಳ! ಅಕ್ಕ ಇದ್ದಿದ್ರೆ ಡಾಕ್ಟರನ್ನ ಕರೆಸ್ತಿದ್ಲು."

"ಸಭೇಲಿ ನಾನು ಸಾಧು ಆದೆ ಅಂತಾರೆ."

"ಸಾಧುನಾ?" ಅವಳು ನಕ್ಕಳು. "ನಮ್ಮ ಲಾಂಡ್ರಿ ಇಸ್ತ್ರಿಪೆಟ್ಟಿಗೆ ಮೊನ್ನೆ ಕೆಟ್ಟುಹೋಯ್ತು. ಅದೂ ಭಾರಿ ಸಾಧು. ಮುಟ್ಟಿದ್ರೂ ಸುಡಲ್ಲ. ಹಾಗಂತ ಬಟ್ಟೆ ಸುಕ್ಕು ಹೋಗುತ್ತಾ?"

ಕಾರು ಅಂಗಡಿ ಬೀದಿಗೆ ತಿರುಗಿತು. ಎದುರಿಗೆ ಹೆಗಲ ಮೇಲೆ ಏಣಿ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ಪೇಂಟರ್ ರಸ್ತೆ ದಾಟುತ್ತಿದ್ದ. ನಾದಿನಿ ಗಾಬರಿಯಲ್ಲಿ ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿದಳು.

ಮಾಸ್ತರು ನೋಡಿದರು. ಅವರ ಪಾದ ಎರಡನೆಯ ಬ್ರೇಕಿನ ಮೇಲೆಯೇ ಇತ್ತು. ಇಷ್ಟು ವರ್ಷಗಳ ಕೆಲಸದಲ್ಲಿ ಕಣ್ಣು ಕಂಡದ್ದಕ್ಕೂ ಕಾಲು ಒತ್ತಿದ್ದಕ್ಕೂ ನಡುವೆ ಅಂತರವೇ ಇರುತ್ತಿರಲಿಲ್ಲ. ಇವತ್ತು ಇತ್ತು. ಪಾದ ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿತ್ತು. ಒತ್ತುವ ಹೊತ್ತಿಗೆ ಕಾರಿನ ಮೂತಿ ಏಣಿಯ ಹಿಂತುದಿಗೆ ತಗುಲಿತ್ತು. ಪೇಂಟರ್ ಬುಗುರಿಯಂತೆ ಅರ್ಧ ಸುತ್ತು ತಿರುಗಿ ನಿಂತುಕೊಂಡ. ಡಬ್ಬಿ ಹಾರಿ ಬಾನೆಟ್ಟಿನ ಮೇಲೆಲ್ಲ ಹಸಿರು ಬಣ್ಣ ಚೆಲ್ಲಿತು.

"ಕಣ್ಣು ಮನೇಲಿಟ್ಟು ಬಂದ್ರೇನ್ರೀ! ಕಲಿಯೋರ ಕೈಗೆ ಕಾರು ಕೊಟ್ಟು ಪಕ್ಕದಲ್ಲಿ ನಿದ್ದೆ ಹೊಡೀತೀರಾ?" ಪೇಂಟರ್ ಕಿರುಚಿದ.

ಆಗ ಬಂತು ಕೋಪ. ಹೊಟ್ಟೆಯ ತಳದಿಂದ ಬಿಸಿ ಎದ್ದು ಕಿವಿಯವರೆಗೆ ಏರಿತು. ಎದೆ ಹೊಡೆದುಕೊಳ್ಳುವುದು ಅವರಿಗೆ ಕೇಳಿಸಿತು. ಹೆಂಡತಿ ಹೋದ ಮೇಲೆ ಕೇಳಿಸಿದ್ದು ಇದೇ ಮೊದಲು. ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು: ಅದು ಕಾಲೋ, ಕಂಬವೋ? ನಾದಿನಿಯ ಕಡೆ ತಿರುಗಿದರು. ಅವಳು ಸ್ಟೇರಿಂಗನ್ನು ಬಿಗಿಹಿಡಿದು, ಭುಜ ಮೇಲಕ್ಕೆಳೆದುಕೊಂಡು ಆ ಮಾತಿಗಾಗಿಯೇ ಕಾದು ಕೂತಿದ್ದಳು. ಊಟದ ಮೇಜಿನಲ್ಲಿ ಹೆಂಡತಿಯೂ ಎಷ್ಟೋ ಸಲ ಹೀಗೆಯೇ ಭುಜ ಎಳೆದುಕೊಂಡು ಕೂತದ್ದಿತ್ತು. ಅವರು ಅದನ್ನು ನೋಡಿದ್ದರು, ಗಮನಿಸಿರಲಿಲ್ಲ.

ಅವರು ಬಾಯಿ ಮುಚ್ಚಿದರು. ಇಷ್ಟು ದಿನ ಸುಮ್ಮನಿದ್ದುದಕ್ಕೆ ಏನೂ ಕಷ್ಟಪಡಬೇಕಾಗಿರಲಿಲ್ಲ. ಇದಕ್ಕೆ ಮೈಯೆಲ್ಲ ಬೇಕಾಯಿತು. ಏರಿನಲ್ಲಿ ಕಾರನ್ನು ಹಿಂದಕ್ಕೆ ಜಾರದಂತೆ, ಮುಂದಕ್ಕೆ ನುಗ್ಗದಂತೆ ಹಾಫ್ ಕ್ಲಚ್‌ನಲ್ಲಿ ಹಿಡಿದಾಗ ಮೊಣಕಾಲು ನಡುಗುವ ಹಾಗೆ ಒಳಗೆಲ್ಲ ನಡುಗಿತು. 'ಕರ್ತನೇ, ಹಿಡಿ' ಎಂದಿತು ಮನಸ್ಸು. ಮಂಡಿಯೂರಿದಾಗ ಬಾರದ ಮಾತು ಅದು.

"ಹ್ಯಾಂಡ್ ಬ್ರೇಕ್ ಎಳಿ" ಎಂದರು. ದನಿ ಒಡೆದಿತ್ತು. "ಹೂಂ. ಈಗ ಉಸಿರು ಬಿಡು."

"ಭಾವ, ನಾನು..."

"ನೀನು ಕಲಿಯೋಳು. ನಿನ್ನ ಕಾಲು ತಪ್ಪುತ್ತೆ ಅಂತಾನೇ ನನ್ನ ಕಾಲು ಇಲ್ಲಿರೋದು. ಅದು ತಡ ಮಾಡ್ತು."

ಇಳಿದು ಪೇಂಟರ್ ಬಳಿ ಹೋದರು. "ತಪ್ಪು ಅವಳದಲ್ಲಪ್ಪ, ನನ್ನದು. ಪೆಟ್ಟಾಯ್ತಾ?"

ಪೇಂಟರ್ ತೋಳೇರಿಸಿ ಜಗಳಕ್ಕೆ ಸಜ್ಜಾಗಿದ್ದ. ಎದುರಾಳಿಯೇ ಇಲ್ಲವಾಗಿ ಅವನು ತೋಳು ಇಳಿಸಬೇಕಾಯಿತು. "ಪೆಟ್ಟೇನಿಲ್ಲ... ಒಂದು ಗೇಟು ಹಸಿರಾಗಬೇಕಿತ್ತು ಇವತ್ತು. ನಿಮ್ಮ ಕಾರು ಹಸಿರಾಯ್ತು." ನಾದಿನಿ ಕಾರೊಳಗೆ ಅಳುತ್ತಲೇ ನಕ್ಕಳು. ಮಾಸ್ತರು ಅಂಗಡಿಯಿಂದ ಹೊಸ ಡಬ್ಬಿ ತರಿಸಿಕೊಟ್ಟರು. ಪೇಂಟರ್ ಕೊಟ್ಟ ಟರ್ಪೆಂಟೈನಿನಲ್ಲಿ ಮೂವರೂ ಬಾನೆಟ್ ಒರೆಸಿದರು. ಕಲೆ ಪೂರ್ತಿ ಹೋಗಲಿಲ್ಲ.

ಮರುದಿನ ಮಾಸ್ತರು ಸಭಾಪಾಲಕರ ಮನೆಗೆ ಹೋದರು.

"ನಾಳೆ ನನ್ನ ಹೆಸರು ಹೇಳಬೇಡಿ ಅಯ್ಯನವರೇ."

"ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ. ಇಷ್ಟು ದಿನ ನನಗೆ ಕೋಪವೇ ಬಂದಿರಲಿಲ್ಲ. ಬರದೇ ಇದ್ದದ್ದನ್ನ ತಡೆದೆ ಅಂತ ಹೇಗೆ ಒಪ್ಕೊಳ್ಳಲಿ? ನಿನ್ನೆ ಬಂತು. ಒಂದು ಸಲ ತಡೆದೆ, ಅದೂ ನನ್ನ ಬಲದಿಂದಲ್ಲ. ಇನ್ನೊಂದು ಸಲ ಏನಾಗುತ್ತೋ ಗೊತ್ತಿಲ್ಲ."

"ಜನ ಏನೇನೋ ಅಂದ್ಕೋತಾರೆ."

"ಗುಡುಗು ಮಾಸ್ತರು ಅಂತಾರೆ. ಅಭ್ಯಾಸ ಇದೆ."

ಸಭಾಪಾಲಕರು ವಾದಿಸಲಿಲ್ಲ. ಅವರ ಕೈಹಿಡಿದು ಪ್ರಾರ್ಥನೆ ಮಾಡಿದರು. ಮಾಸ್ತರಿಗೆ ಅಳು ಬರಬಹುದೇನೋ ಅನ್ನಿಸಿತು. ಬರಲಿಲ್ಲ.

ಭಾನುವಾರ ಬೇರೊಬ್ಬರ ಹೆಸರು ಓದಿದರು. ಹಿಂದಿನ ಬೆಂಚಿನಲ್ಲಿ ಪಿಸುಮಾತು ಎದ್ದಿತು. ಮಗು ಮತ್ತೆ ಕಾಲರು ಎಳೆಯಿತು. ಮಾಸ್ತರಿಗೆ ಕಿರಿಕಿರಿಯಾಯಿತು, ನಿಜವಾಗಿಯೂ ಆಯಿತು. ತಿರುಗಿ ನೋಡಿದರು. ಮಗುವಿನ ತಾಯಿ ಹೆದರಿ ಅದರ ಕೈ ಹಿಡಿದಳು. "ಬಿಡಮ್ಮ" ಎಂದು, ಒಂದು ಗಳಿಗೆ ತಡೆದು, ತಮ್ಮ ಬೆರಳನ್ನು ಅದರ ಕೈಗೆ ಕೊಟ್ಟರು.

ಸೋಮವಾರ ನಾದಿನಿ ಬಂದು ಸ್ಟೇರಿಂಗ್ ಮುಂದೆ ಕೂತಳು. "ಇವತ್ತಾದ್ರೂ ಬೈತೀರಾ?"

"ಕನ್ನಡಿ ನೋಡಲಿಲ್ಲ ನೀನು."

ಅವಳು ಕನ್ನಡಿ ನೋಡಿದಳು. ಮಾಸ್ತರು ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟರು; ಒತ್ತಲಿಲ್ಲ. ಹೆಬ್ಬೆರಳಿನ ಕೆಳಗೆ ತಣ್ಣನೆಯ ಕಬ್ಬಿಣ ಇರುವುದು ತಿಳಿಯುತ್ತಿತ್ತು.

"ಹೊರಡು" ಎಂದರು.