ಹಿಂಬದಿಯ ವಾಲ್ವು

ಫೇರಿಸ್ ಬರ್ಕ್‌ಹೋಲ್ಡರನ ಹೆಂಡತಿ ಲವೀನಾ ತೀರಿಕೊಂಡದ್ದು ಹಿಮ ಕರಗುವ ಕಾಲದಲ್ಲಿ. ಮಣ್ಣು ಮಾಡಿ ಬಂದಾಗಿನಿಂದ ಅವನನ್ನು ಮುಂದಿನ ಚಳಿಗಾಲದ ಚಿಂತೆ ಹಿಡಿಯಿತು. ಹೆಂಡತಿಯನ್ನು ಕಳೆದುಕೊಂಡವನಿಗೆ ಹಿಮದ ಯೋಚನೆ ಯಾಕೆ ಎಂದು ಯಾರಾದರೂ ಕೇಳಿಯಾರು. ಆದರೆ ಆ ಮನೆಯಲ್ಲಿ ಹಿಮಕ್ಕೂ ಲವೀನಾಗೂ ನಂಟಿತ್ತು.

ಮನೆಯಿಂದ ಡಾಂಬರು ರಸ್ತೆಯವರೆಗೆ ಉದ್ದನೆಯ ಮಣ್ಣುದಾರಿ. ಹಿಮ ಬಿದ್ದ ಬೆಳಿಗ್ಗೆ ಹಾಲಿನ ಲಾರಿ ಬರುವುದಕ್ಕೆ ಮೊದಲು ಅದನ್ನು ಬಳಿದು ತೆರವು ಮಾಡಬೇಕು. ಇಲ್ಲವಾದರೆ ಕರೆದ ಹಾಲೆಲ್ಲ ಚರಂಡಿಯ ಪಾಲು. ಮಗಳು ವರ್ನಾಳೂ ಅಳಿಯನೂ ಆ ಹೊತ್ತಿಗೆ ಕೊಟ್ಟಿಗೆಯಲ್ಲಿರುತ್ತಾರೆ. ಆದ್ದರಿಂದ ದಾರಿಯ ಕೆಲಸ ಹಿರಿಯರದು. ಫೇರಿಸ್ ಸಣ್ಣ ಟ್ರ್ಯಾಕ್ಟರಿನ ಹಿಂದೆ ಅಗಲವಾದ ಕಬ್ಬಿಣದ ಹಲಗೆ ಕಟ್ಟಿಕೊಂಡು ಹೊರಡುವನು. ಲವೀನಾ ತಲೆಗೆ ಉಣ್ಣೆಯ ಶಾಲು ಸುತ್ತಿಕೊಂಡು ಹಿಂದೆ ನಡೆದು ಬರುವಳು. ಹಲಗೆಯನ್ನು ಎಡಕ್ಕೋ ಬಲಕ್ಕೋ ಓರೆ ಮಾಡಬೇಕಾದಾಗ ಅವಳೇ ಕಬ್ಬಿಣದ ಗೂಟ ಕಿತ್ತು, ಹಲಗೆಯನ್ನು ಹೆಗಲುಕೊಟ್ಟು ತಳ್ಳಿ, ಮತ್ತೆ ಗೂಟ ಹಾಕಿ, "ಹ್ಞೂಂ, ನಡಿ" ಎಂದು ಮಡ್‌ಗಾರ್ಡಿನ ಮೇಲೆ ಕೈ ಬಡಿಯುವಳು. ಎಷ್ಟೋ ಚಳಿಗಾಲಗಳು ಹೀಗೆ ಕಳೆದಿದ್ದವು.

ಈಗ ಆ ಕೈ ಇಲ್ಲ. ಫೇರಿಸನ ಬಲಭುಜ ಸವೆದುಹೋಗಿತ್ತು. ಹತ್ತಿ ಇಳಿದು ಗೂಟ ಕೀಳುವುದು ಅವನಿಂದ ಆಗುವಂತಿರಲಿಲ್ಲ. ಹಲಗೆಗೆ ಒಂದು ಸಿಲಿಂಡರು ಕೂರಿಸಿ, ಟ್ರ್ಯಾಕ್ಟರಿನ ಹಿಂಬದಿಗೆ ಹೈಡ್ರಾಲಿಕ್ ವಾಲ್ವು ಸೇರಿಸಿದರೆ, ಕೂತಲ್ಲಿಂದಲೇ ಹಿಡಿ ಎಳೆದು ಎಣ್ಣೆಯ ಒತ್ತಡದಿಂದ ಹಲಗೆ ತಿರುಗಿಸಬಹುದು. ಸುತ್ತಲಿನ ಲೋಕದವರೆಲ್ಲ ಹಾಗೆ ಮಾಡಿಕೊಂಡಿದ್ದರು. ಆದರೆ ಫೇರಿಸನ ಸಭೆಯವರು, ಹಳೆಯ ಕಟ್ಟಳೆಯ ಕ್ರೈಸ್ತರು, ಲೋಕದವರಲ್ಲ. ಅವರ ಸವಾರಿ ಕುದುರೆಗಾಡಿಯಲ್ಲಿ. ಅವರ ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರ. ಹೊಲ ಕುದುರೆಗೆ ಸೇರಿದ್ದು, ಟ್ರ್ಯಾಕ್ಟರು ಅಂಗಳಕ್ಕೂ ದಾರಿಗೂ ಮಾತ್ರ. ಅದರ ಮುಂಬದಿಗೆ ಮಣ್ಣೆತ್ತುವ ಬಕೆಟ್ಟು ಇರಬಹುದು ಎಂದು ಸಭೆ ಹಿಂದೊಮ್ಮೆ ಒಪ್ಪಿತ್ತು. ಹಿಂಬದಿಯ ವಾಲ್ವಿನ ಮಾತನ್ನು ಯಾರೂ ಎತ್ತಿರಲಿಲ್ಲ. ಎತ್ತದ ವಿಷಯವನ್ನು ಸಭೆಯ ಮುಂದಿಟ್ಟು, ಒಪ್ಪಿಗೆ ಬಂದ ಮೇಲೆ ಕೈಹಾಕುವುದು ಅವರ ಕಟ್ಟಳೆ.

ಫೇರಿಸ್ ಸಭೆಯ ಮುಂದಿಡಲಿಲ್ಲ. ಬೇಲಿಯ ಆಚೆಗಿದ್ದ ಆಮ್ಜಿಯನ್ನು ಕೇಳಿದ. ಆಮ್ಜಿ ಶರ್ಕ್ ಲವೀನಾಳ ತಮ್ಮ, ಫೇರಿಸನ ಬಾಲ್ಯದ ಗೆಳೆಯ, ಮೇಲಾಗಿ ಸಭೆಯ ಡೀಕನ್. ಕಟ್ಟಳೆ ಕಾಯುವವನೇ ಅವನು. ಡೀಕನ್ನನ್ನು ಆರಿಸುವಾಗ ಹಾಡಿನ ಪುಸ್ತಕವೊಂದರಲ್ಲಿ ಚೀಟಿ ಇಡುತ್ತಾರೆ. ಯಾರ ಕೈಗೆ ಆ ಪುಸ್ತಕ ಬಂತೋ ಅವನನ್ನು ದೇವರೇ ಆರಿಸಿದ ಹಾಗೆ. ಆಮ್ಜಿಯ ಪುಸ್ತಕದಲ್ಲಿ ಚೀಟಿ ಸಿಕ್ಕ ದಿನ ಅವನು ಹೆದರಿ ಅತ್ತದ್ದು ಫೇರಿಸನ ಹೆಗಲಿಗೆ ಒರಗಿಕೊಂಡು.

"ಇದನ್ನ ಸಭೇಲಿ ಕೇಳಬೇಕೇನೋ ಆಮ್ಜಿ?"

"ಏನಂತ ಕೇಳ್ತೀಯ ಭಾವಾ? ಕಟ್ಟಳೆ ಮಾಡಿದೋರು ನಿನ್ನ ಭುಜ ನೋಡಿದ್ರಾ? ಸಭೆ ಮುಂದೆ ಇಟ್ರೆ ಬೇಡ ಅನ್ನೋರು ನಾಲ್ಕು ಜನ ಹುಟ್ಕೋತಾರೆ. ಅಷ್ಟರಲ್ಲಿ ಹಿಮ ಬಿದ್ದು ಕರಗಿ ಹೋಗಿರುತ್ತೆ."

"ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ. ನಾನು ಡೀಕನ್ನೋ ಅಲ್ವೋ? ನಾನು ಹೂಂ ಅಂದಿದೀನಿ. ಆಲ್ವಿನಣ್ಣನ ಕಿವಿಗೆ ನಾನೇ ಹಾಕ್ತೀನಿ, ನೀನು ಸಾಮಾನು ತರಿಸು."

ಆಲ್ವಿನ್ ಅವರ ಬಿಷಪ್. ಅವನ ಕಿವಿಗೆ ಬಿತ್ತೆಂದರೆ ಸಭೆಗೆ ಬಿದ್ದಂತೆಯೇ ಎಂದುಕೊಂಡು ಫೇರಿಸ್ ಸುಮ್ಮನಾದ. ಬೇಲಿಯ ಬಳಿ ಆಡಿದ ಮಾತನ್ನು ಸಭೆಯ ಮಾತೆಂದು ನಂಬಿದ್ದೇ ಅವನ ತಪ್ಪು.

ಸಾಮಾನು ಬಂದ ದಿನ ಆಮ್ಜಿ ತನ್ನ ಸ್ಪ್ಯಾನರ್ ಪೆಟ್ಟಿಗೆಯೊಡನೆ ಬಂದ. ಇಬ್ಬರೂ ಸೇರಿ ಎಣ್ಣೆ ಇಳಿಸಿದರು. ಸೀಟಿನ ಪಕ್ಕ ಪಟ್ಟಿ ಬಿಗಿದು ವಾಲ್ವು ಕೂರಿಸಿದರು. ಮುಂದಿನ ಬಕೆಟ್ಟಿನಿಂದ ಬರುವ ಎಣ್ಣೆಯನ್ನು ಈ ವಾಲ್ವಿನೊಳಗೆ ಹಾಯಿಸಿ, ಅಲ್ಲಿಂದ ಹಿಂದಿನ ಎತ್ತುವ ತೋಳುಗಳಿಗೆ ಒಂದು ಪೈಪು, ಎಣ್ಣೆಯ ತೊಟ್ಟಿಗೆ ಹಿಂತಿರುಗಲು ಇನ್ನೊಂದು ಪೈಪು ಎಳೆದರು. ಸಿಲಿಂಡರಿನ ಪೈಪು ಸಿಕ್ಕಿಸುವ ಎರಡು ಬಾಯಿಗಳನ್ನು ಹಿಂಬದಿಗೆ ತಂದರು. ಫೇರಿಸನ ಭುಜ ಮೇಲಕ್ಕೆ ಏಳದಾದ್ದರಿಂದ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬಿಗಿದವನು ಆಮ್ಜಿಯೇ.

ಎಂಜಿನ್ ಹೊತ್ತಿಸಿದರೆ ಎತ್ತುವ ತೋಳುಗಳು ಮಿಸುಕಲಿಲ್ಲ. ಫೇರಿಸನ ಮುಖ ಸಣ್ಣದಾಯಿತು. ಆಮ್ಜಿ ಮತ್ತೆ ಕೆಳಗೆ ತೂರಿ, ಸ್ವಲ್ಪ ಹೊತ್ತು ಗೊಣಗಿ, ನಗುತ್ತಾ ಹೊರಗೆ ಬಂದ.

"ಎರಡು ಪೈಪು ಅದಲು ಬದಲಾಗಿದೆ ಭಾವಾ! ತೋಳಿಗೆ ಹೋಗೋ ಎಣ್ಣೆ ನೆಟ್ಟಗೆ ತೊಟ್ಟಿಗೆ ಹೋಗ್ತಾ ಇದೆ. ಕೆಲಸ ಮಾಡದೇ ಮನೆಗೆ ಓಡೋ ಆಳಿನ ಥರ."

"ಸಿಕ್ಕಿಸಿದೋನು ನೀನೇ."

"ಹಿಡ್ಕೊಟ್ಟೋನು ನೀನು!"

ಪೈಪು ಬದಲಾಯಿಸಿದ ಮೇಲೆ ಹಿಡಿ ಎಳೆದರೆ ಹಲಗೆ ಮೆಲ್ಲಗೆ ಓರೆಯಾಯಿತು. ಫೇರಿಸ್ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತೆ ಎಡಕ್ಕೆ ತಿರುಗಿಸಿದ. ಅವನ ಕಣ್ಣು ತುಂಬಿ ಬಂತು. ಆಮ್ಜಿ ಎಣ್ಣೆಗೈಯನ್ನು ಚಿಂದಿಗೆ ಒರೆಸಿಕೊಂಡು, "ಅಕ್ಕನಷ್ಟು ಬೇಗ ತಿರುಗಲ್ಲ ಇದು" ಎಂದ. ಆ ಸಂಜೆ ವರ್ನಾ ಇಬ್ಬರಿಗೂ ಆಲೂಗಡ್ಡೆ ಸೂಪು, ದ್ರಾಕ್ಷಿಯ ಕಡುಬು ಬಡಿಸಿದಳು.

ಬೇಸಿಗೆ ಕಳೆಯುವಷ್ಟರಲ್ಲಿ ಹರ್ವೆ ನೋಲ್ಟ್ ಎಂಬ ಪ್ರಾಯದ ರೈತ ತನ್ನ ಸಣ್ಣ ಟ್ರ್ಯಾಕ್ಟರಿಗೂ ಅಂಥದೇ ವಾಲ್ವು ಸೇರಿಸಿದ. ಅವನು ಅದನ್ನು ಹೊಲಕ್ಕಿಳಿಸಿ ಹುಲ್ಲಿನ ಕೆಲಸಕ್ಕೆ ಹಚ್ಚಿದ. ಅವನ ಕುದುರೆಗಳು ಹಗಲೆಲ್ಲ ಬೇಲಿಗೆ ಕತ್ತು ಒರಗಿಸಿ ನಿಂತಿದ್ದನ್ನು ಊರೆಲ್ಲ ನೋಡಿತು. ಕೇಳಿದವರಿಗೆ ಹರ್ವೆ, "ಡೀಕನ್ನರ ಭಾವನಿಗೆ ಆಗೋದು ನನಗೆ ಯಾಕಾಗಲ್ಲ?" ಎಂದನಂತೆ.

ವರ್ಷಕ್ಕೆರಡು ಸಲ, ಯೇಸುವಿನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂಚೆ, ಸಭೆ ಕಟ್ಟಳೆಯನ್ನು ಮಾತಾಡಲು ಕೂಡುತ್ತದೆ. ಆ ಶರತ್ಕಾಲದ ಕೂಟದಲ್ಲಿ ಬಿಷಪ್ ಆಲ್ವಿನ್ ಎದ್ದು ನಿಂತು ವಾಲ್ವಿನ ಮಾತೆತ್ತಿದ. ಹರ್ವೆ ತಪ್ಪೊಪ್ಪಿಕೊಂಡು ಕೂತ. ಆಮೇಲೆ ಬಿಷಪ್ ಫೇರಿಸನತ್ತ ತಿರುಗಿದ. ಬೋಧಕರ ಬೆಂಚಿನ ತುದಿಯಲ್ಲಿ ಆಮ್ಜಿ ಕೂತಿದ್ದ.

"ಫೇರಿಸ್, ನೀನು ಹಿರಿಯ. ಕೇಳದೆ ಮಾಡೋನಲ್ಲ. ಕೇಳಿದ್ಯಾ?"

"ಕೇಳಿದ್ದೆ ಆಲ್ವಿನಣ್ಣ."

"ಯಾರನ್ನ?"

ಫೇರಿಸ್ ಆಮ್ಜಿಯ ಕಡೆ ನೋಡಿದ. ಈಗ ಏಳುತ್ತಾನೆ ಎಂದುಕೊಂಡ. ಆಮ್ಜಿ ಮೊಣಕಾಲ ಮೇಲಿದ್ದ ಹಾಡಿನ ಪುಸ್ತಕದ ರಟ್ಟನ್ನು ಬೆರಳಿಂದ ಸವರುತ್ತಿದ್ದ. ಬಿಷಪ್ಪನ ನೋಟ ಫೇರಿಸನ ನೋಟದ ಜಾಡು ಹಿಡಿದು ಅಲ್ಲಿಗೇ ಹೋಯಿತು.

"ಆಮ್ಜಿ, ನಿನಗೆ ಗೊತ್ತಿತ್ತಾ?"

"ಟ್ರ್ಯಾಕ್ಟರ್ ನೋಡಿದ್ದೆ ಅಣ್ಣಾ," ಎಂದ ಆಮ್ಜಿ. "ಬೇಲಿ ಪಕ್ಕದವನು, ನೋಡದೆ ಇರ್ತೀನಾ. ಅದರ ಹಿಂದೆ ಏನು ಸಿಕ್ಕಿಸಿದಾನೆ ಅಂತ ಬಗ್ಗಿ ನೋಡೋಕೆ ಹೋಗಲಿಲ್ಲ."

ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದವನು ಅದನ್ನು ಹೇಳಿದ. ಸುಳ್ಳನ್ನು ಬಯಲಿಗೆಳೆಯಲು ಫೇರಿಸನ ಒಂದು ಮಾತು ಸಾಕಿತ್ತು. ಆದರೆ ಸಹೋದರನ ತಪ್ಪನ್ನು ಮೊದಲು ಅವನ ಬಳಿಗೆ ಒಬ್ಬನೇ ಹೋಗಿ ಹೇಳಬೇಕೇ ಹೊರತು ಸಭೆಯ ನಡುವೆ ಎತ್ತಕೂಡದು. ಫೇರಿಸ್ ಅದನ್ನು ತಾಯಿಯ ಮೊಲೆಹಾಲಿನ ಜೊತೆಗೇ ಕುಡಿದವನು. ಅಲ್ಲದೆ ಅದು ಲವೀನಾಳ ತಮ್ಮನ ಮುಖ. ಅವನು ಮೊಣಕಾಲೂರಿ, "ತಪ್ಪಾಯ್ತು. ಬಿಚ್ಚಿಹಾಕ್ತೀನಿ" ಎಂದ. ಬಿಷಪ್ ಅವನ ಕೈಹಿಡಿದು ಎಬ್ಬಿಸಿದ.

ಅವನು ಮಾರನೆಯ ದಿನವೇ ಆಮ್ಜಿಯ ಬಳಿಗೆ ಹೋದ. ಆಮ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಸೇಬು ಹಿಂಡುವ ಯಂತ್ರ ತಿರುಗಿಸುತ್ತಿದ್ದ. ಸುತ್ತ ಕಣಜದ ಹುಳುಗಳು ಹಾರಾಡುತ್ತಿದ್ದವು.

"ಬಾ ಭಾವಾ. ರಸ ಕುಡೀತೀಯಾ?"

"ಯಾಕೆ ಹಾಗಂದೆ?"

ಆಮ್ಜಿ ಯಂತ್ರ ನಿಲ್ಲಿಸಲಿಲ್ಲ. "ನೀನು ಸಾಮಾನ್ಯ ಸದಸ್ಯ. ಮೊಣಕಾಲೂರಿದೆ, ಎದ್ದೆ, ಮುಗೀತು. ನಾಳೆ ಯಾರಿಗೂ ನೆನಪಿರಲ್ಲ. ನಾನು ಡೀಕನ್. ನಾನು ಬಿದ್ರೆ ಹರ್ವೆ ಅಂಥವರೆಲ್ಲ ಕುಣೀತಾರೆ. ಸಭೆ ಒಡೆಯುತ್ತೆ. ನಿನಗೆ ಅರ್ಥ ಆಗುತ್ತೆ ಅಂದ್ಕೊಂಡೆ."

"ಆಲ್ವಿನಣ್ಣನಿಗೆ ಹೇಳ್ತೀನಿ ಅಂದಿದ್ದೆ."

"ಹೇಳೋಣ ಅಂತಾನೇ ಇದ್ದೆ. ಆಮೇಲೆ ಅಕ್ಕನ ಬಟ್ಟೆ ಬರೆ ಹಂಚೋದು, ಹುಲ್ಲಿನ ಕೆಲಸ..."

"ಈಗ ಹೋಗಿ ಹೇಳು. ನಾನೂ ಜೊತೆಗೆ ಬರ್ತೀನಿ. ಬಿಷಪ್ ಒಬ್ಬನಿಗೆ ಹೇಳು ಸಾಕು."

ಆಮ್ಜಿ ಆಗ ಹಿಡಿ ಬಿಟ್ಟ. "ಲವೀನಕ್ಕ ಇದ್ದಿದ್ರೆ ಏನಂತಿದ್ಲು ಗೊತ್ತಾ? ಸುಮ್ನಿರು ಫೇರಿಸ್, ಅವನು ನನ್ನ ತಮ್ಮ ಅಂತಿದ್ಲು."

ಲವೀನಾ ಹಾಗೆ ಅನ್ನುತ್ತಿರಲಿಲ್ಲ. ಸುಳ್ಳು ಹೇಳಿದ ತಮ್ಮನ ಕಿವಿ ಹಿಂಡಿ ಬಿಷಪ್ಪನ ಮನೆಗೆ ಅವಳೇ ಎಳೆದುಕೊಂಡು ಹೋಗುತ್ತಿದ್ದಳು. ಅದು ಆಮ್ಜಿಗೂ ಗೊತ್ತಿತ್ತು. ಸತ್ತವಳ ಬಾಯಲ್ಲಿ ತನ್ನ ಮಾತು ಇಟ್ಟನಲ್ಲ ಎಂಬುದು ಫೇರಿಸನಿಗೆ ಸಭೆಯಲ್ಲಿ ಕೇಳಿದ ಸುಳ್ಳಿಗಿಂತ ಹೆಚ್ಚಾಗಿ ಚುಚ್ಚಿತು. ಮನೆಗೆ ನಡೆದು ಬರುವಾಗ ಅವನು ಬೇಲಿಯ ಬಳಿ ನಿಲ್ಲಲಿಲ್ಲ.

ಭೋಜನಕ್ಕೆ ಮುಂಚಿನ ದಿನ ಸದಸ್ಯರು ಒಬ್ಬೊಬ್ಬರಾಗಿ ಪಕ್ಕದ ಕೋಣೆಗೆ ಹೋಗಿ, ಬಿಷಪ್ಪನಿಗೂ ಬೋಧಕರಿಗೂ ಡೀಕನ್ನನಿಗೂ, ದೇವರೊಂದಿಗೂ ಮನುಷ್ಯರೊಂದಿಗೂ ತಾವು ಸಮಾಧಾನದಿಂದ ಇದ್ದೇವೆ ಎಂದು ಹೇಳಬೇಕು. ಹಾಗೆ ಹೇಳದವನಿಗೆ ರೊಟ್ಟಿಯಿಲ್ಲ, ಪಾತ್ರೆಯಿಲ್ಲ. ಲವೀನಾ ಹೋದ ಮೇಲೆ ವಸಂತದ ಭೋಜನಕ್ಕೆ ಕಾಯಿಲೆಯಿಂದ ಹೋಗಲಾಗದ ಫೇರಿಸ್ ಈ ಭೋಜನಕ್ಕಾಗಿ ಹಸಿದು ಕಾದಿದ್ದ. ಭೂಮಿಯ ಮೇಲೆ ಅವಳೊಂದಿಗೆ ಕೂರಬಹುದಾದ ಪಂಕ್ತಿ ಅದೊಂದೇ ಉಳಿದಿದೆ ಎಂದು ಅವನು ನಂಬಿದ್ದ. ಒಂದು ಸುಳ್ಳು ಹೇಳಿದರೆ ಅದು ಸಿಗುತ್ತಿತ್ತು. ನಿಜ ಹೇಳಿದರೆ ಸಿಗುತ್ತಿರಲಿಲ್ಲ.

ಅವನು ಟೋಪಿ ಕೈಯಲ್ಲಿ ಹಿಡಿದು ಕೋಣೆಯೊಳಗೆ ನಿಂತ. ಆಮ್ಜಿ ಗೋಡೆಯನ್ನು ನೋಡುತ್ತಿದ್ದ.

"ದೇವರ ಜೊತೆ ಸಮಾಧಾನ ಇದೆ ಆಲ್ವಿನಣ್ಣ," ಎಂದ ಫೇರಿಸ್. "ಮನುಷ್ಯರೆಲ್ಲರ ಜೊತೆ ಇಲ್ಲ."

"ಯಾರ ಜೊತೆ ಇಲ್ಲ?"

"ಅವನ ಹತ್ರ ಒಬ್ಬನೇ ಹೋಗಿ ಮಾತಾಡಿದೀನಿ. ಅವನು ಬಾಯಿ ಬಿಡಲಿ ಅಂತ ಕಾಯ್ತಾ ಇದೀನಿ. ಈಗ ಬಿಟ್ರೂ ಆಯ್ತು."

ಆಮ್ಜಿ ಗೋಡೆಯಿಂದ ಕಣ್ಣು ತೆಗೆದು ಬಾಯಿ ಬಿಟ್ಟ. ಅವನ ದನಿ ಜೇನಿನಷ್ಟು ಮೆತ್ತಗಿತ್ತು.

"ಅಣ್ಣಾ, ಭಾವನ ಮೇಲೆ ಒತ್ತಡ ಹಾಕೋದು ಬೇಡ. ಅಕ್ಕ ಹೋದಾಗಿನಿಂದ ಅವನ ಮನಸ್ಸು ನೆಟ್ಟಗಿಲ್ಲ. ಹೇಳಿದ್ದು, ಕೇಳಿದ್ದು, ನೆನೆಸ್ಕೊಂಡಿದ್ದು ಎಲ್ಲ ಕಲಸಿಹೋಗಿದೆ. ನಾವು ಅವನಿಗಾಗಿ ಪ್ರಾರ್ಥನೆ ಮಾಡೋಣ."

ಬಿಷಪ್ಪನ ಕಣ್ಣಲ್ಲಿ ಕನಿಕರ ಮೂಡಿತು. ಇನ್ನು ಫೇರಿಸ್ ಏನು ಹೇಳಿದರೂ ಅದು ದುಃಖದಲ್ಲಿ ಕಲಸಿಹೋದವನ ಮಾತು. ಅವನು ಕೋಣೆಯಿಂದ ಹೊರಗೆ ಬಂದ.

ಭಾನುವಾರ ಅವನು ಸಭಾಮನೆಗೆ ಹೋಗಿ ಕಡೆಯ ಬೆಂಚಿನಲ್ಲಿ ಕೂತ. ರೊಟ್ಟಿ ಅವನ ಮುಂದಿನ ಸಾಲಿನವರೆಗೆ ಬಂದು ತಿರುಗಿತು. ಪಾತ್ರೆಯೂ ಹಾಗೆಯೇ ಹೋಯಿತು. ಹೆಂಗಸರ ಕಡೆಯಿಂದ ಆಮ್ಜಿಯ ಹೆಂಡತಿ ಅವನನ್ನು ನೋಡಿ ಕರವಸ್ತ್ರ ಮೂಗಿಗೆ ಒತ್ತಿಕೊಂಡಳು. ಅವಳ ಪಕ್ಕದವಳೂ ಹಾಗೇ ಮಾಡಿದಳು. ಫೇರಿಸನ ಮನಸ್ಸು ನೆಟ್ಟಗಿಲ್ಲವೆಂಬ ಸುದ್ದಿ ಆಗಲೇ ಹರಡಿತ್ತು.

ಆಮೇಲೆ ಬೋಗುಣಿಗಳಲ್ಲಿ ಉಗುರುಬೆಚ್ಚನೆಯ ನೀರು ಬಂತು. ಭೋಜನದ ಕೊನೆಗೆ ಸಹೋದರರು ಜೋಡಿಯಾಗಿ ಒಬ್ಬರ ಪಾದ ಒಬ್ಬರು ತೊಳೆದು, ಎದ್ದು ಮುತ್ತಿಟ್ಟು ಹರಸುವುದು ರೂಢಿ. ಫೇರಿಸನಿಗೂ ಆಮ್ಜಿಗೂ ಯೌವನದಿಂದ ಜೋಡಿ. ಆಮ್ಜಿ ತನ್ನ ಬೆಂಚಿನಿಂದ ಎದ್ದ. ಬೋಗುಣಿ ಎತ್ತಿಕೊಂಡು, ಹೆಗಲಿಗೆ ಟವಲು ಹಾಕಿಕೊಂಡು, ನಡುಹಾದಿಯಲ್ಲಿ ನಡೆದು, ಎಲ್ಲರೂ ತಿರುಗಿ ನೋಡುತ್ತಿರುವಂತೆ, ಕಡೆಯ ಬೆಂಚಿನ ಮುಂದೆ ಮಂಡಿಯೂರಿದ. ಯಾರೋ ಬಿಕ್ಕಿದ್ದು ಕೇಳಿಸಿತು. ಡೀಕನ್ ಎಷ್ಟು ತಗ್ಗಿದ ಮನುಷ್ಯ ಎಂದು ಆ ಕ್ಷಣ ಸಭೆಯೆಲ್ಲ ಅಂದುಕೊಂಡಿರಬೇಕು.

"ಶೂ ಬಿಚ್ಚು ಭಾವಾ," ಎಂದ ಆಮ್ಜಿ ಮೆಲ್ಲಗೆ.

ಫೇರಿಸ್ ಆ ಬಾಗಿದ ತಲೆಯನ್ನು ನೋಡಿದ. ಲವೀನಾಳಿಗೂ ಹಾಗೆಯೇ ನೆತ್ತಿಯಲ್ಲಿ ಒಂದು ಸುಳಿ ಇತ್ತು. ಪಾದ ಚಾಚಿದರೆ ಅವನು ವಾಸಿಯಾದ ಹುಚ್ಚ. ಚಾಚದಿದ್ದರೆ ವಾಸಿಯಾಗದ ಹುಚ್ಚ. ಮೂರನೆಯ ದಾರಿಯನ್ನು ಆಮ್ಜಿ ಅವನಿಗೆ ಉಳಿಸಿರಲಿಲ್ಲ.

"ನನ್ನ ಕಾಲಿಗೆ ಕೊಳೆ ಆಗಿಲ್ಲ ಆಮ್ಜಿ," ಎಂದ ಫೇರಿಸ್, ಅವನೊಬ್ಬನಿಗೆ ಕೇಳುವಷ್ಟೇ ಮೆಲ್ಲಗೆ. "ನೀನು ಎದ್ದು ಆ ಕಡೆ ತಿರುಗಿ ಮಾತಾಡು. ಆವಾಗ ಬಿಚ್ತೀನಿ."

ಆಮ್ಜಿ ಎದ್ದ. ಸಭೆಯ ಕಡೆ ತಿರುಗಿದ. ಬಾಯಿ ತೆರೆದ ಹಾಗೆಯೂ ಕಂಡಿತು. ಫೇರಿಸನ ಕೈ ತನ್ನಷ್ಟಕ್ಕೆ ಲೇಸಿನ ಕಡೆ ಹೋಯಿತು. ಆದರೆ ಆಮ್ಜಿ ತುಟಿ ಕಚ್ಚಿ, ದುಃಖದಿಂದ ತಲೆಯಾಡಿಸಿ, ಬೋಗುಣಿಯನ್ನು ಎತ್ತಿಕೊಂಡು ಹರ್ವೆ ನೋಲ್ಟನ ಮುಂದೆ ಹೋಗಿ ಮಂಡಿಯೂರಿದ. ಹರ್ವೆ ಗಡಿಬಿಡಿಯಿಂದ ಶೂ ಕಳಚಿದ.

ಫೇರಿಸ್ ಹೊರಗೆ ಬಂದ. ಕುದುರೆಯನ್ನು ಗಾಡಿಗೆ ಹೂಡಿ, ಹತ್ತಿ ಕೂತು, ಲಗಾಮು ಹಿಡಿದ. ಅಷ್ಟರಲ್ಲಿ ಒಳಗೆ ಕೊನೆಯ ಹಾಡು ಶುರುವಾಯಿತು. ಹಾಡು ನಡೆಯುವಾಗ ಸಭಾಮನೆಯ ಅಂಗಳದಿಂದ ಗಾಡಿ ಹೊರಡಿಸಬಾರದು ಎಂಬುದೂ ಕಟ್ಟಳೆ. ಅವನು ತಲೆಯಿಂದ ಟೋಪಿ ತೆಗೆದು, ತುಟಿ ಅಲುಗಿಸದೆ, ಅದು ಮುಗಿಯುವವರೆಗೂ ಕಾದು ಕೂತ.