ಇಪ್ಪತ್ತು ಎಣಿಸುವವರೆಗೆ

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸೂಪರ್‌ವೈಸರ್ ಪರೀಕ್ಷೆಯ ಮೇಜಿನ ಮೇಲೆ ಹದಿನೇಳು ಕೈಗವಸು ಸುರಿದ. ಹದಿನೇಳೂ ನಮ್ಮ ಶೆಡ್ಡಿನಲ್ಲಿ ಹೊಲಿದವು. ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ತಂದಿದ್ದ. ಎಲ್ಲದರಲ್ಲೂ ತೋರುಬೆರಳಿನ ತುದಿಯ ಬಿಳಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಮೂರರಲ್ಲಿ ಒಣಗಿದ ಚರ್ಮ ಅಂಟಿಕೊಂಡಿತ್ತು.

"ನಿಂದೇನು ಕೈಯೋ, ಎಮ್ಮೆ ಗೊರಸೋ?" ಎಂದ. "ಮೂಸಿ ನೋಡು. ಮೂಸೇ ಮುಂಡೆ, ನೀನು ಪಾಸು ಮಾಡಿದ ಮಾಲು."

ಮೇಜಿನ ಹಿಂದೆ ಕೂತಿದ್ದ, ನಾವೆಲ್ಲ ಕಲ್ಲುಗೈ ಎಂದು ಕರೆಯುವ ಹೆಂಗಸು ಮೂಸಲಿಲ್ಲ. ಒಂದು ಕೈಗವಸು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಬಾಯಿ ಬಿಗಿ ಇರ್ಲಿ ಸಾರ್. ನಿಮ್ಮಮ್ಮನ ವಯಸ್ಸು ನಂಗೆ."

"ನಮ್ಮಮ್ಮ ಕಂಡೋರ ಮಕ್ಕಳ ಕೈ ಸುಟ್ಟಿಲ್ಲ."

ಇಪ್ಪತ್ತೆರಡು ಮಿಷನ್ನುಗಳು ಓಡುತ್ತಲೇ ಇದ್ದವು. ಯಾರೂ ತಲೆ ಎತ್ತಲಿಲ್ಲ. ನಾನು ಮೂರನೇ ಮಿಷನ್ನಿನವಳು, ಹೆಬ್ಬೆರಳು ಹೊಲಿಯುವವಳು. ಪರೀಕ್ಷೆಯ ಮೇಜು ನನ್ನಿಂದ ಮೂರು ಮಾರು ದೂರ. ನಾನೂ ತಲೆ ಎತ್ತಲಿಲ್ಲ.

ಶೆಡ್ಡಿನಲ್ಲಿ ಆಗುವುದು ಒಂದೇ ಮಾಲು. ಪಾರ್ಲರುಗಳಲ್ಲಿ ಕೂದಲನ್ನು ಗುಂಗುರು ಮಾಡಲು ಬಿಸಿ ರಾಡು ಬಳಸುತ್ತಾರೆ. ಕೂದಲಿನ ಎಳೆಯನ್ನು ರಾಡಿಗೆ ಸುತ್ತಿ, ತುದಿಯನ್ನು ಬೆರಳಿನಿಂದ ಅದಕ್ಕೇ ಒತ್ತಿ ಹಿಡಿಯಬೇಕು. ರಾಡಿನ ಬಿಸಿ ಇನ್ನೂರು ಡಿಗ್ರಿ. ಬೆರಳಿಗೆ ಹಾಕಿಕೊಳ್ಳುವ ಕಪ್ಪು ಕೈಗವಸು ನಮ್ಮದು. ರಾಡಿನ ಪೆಟ್ಟಿಗೆಯಲ್ಲೇ ಅದನ್ನೂ ಇಟ್ಟು ಮಾರುತ್ತಾರೆ.

ನೂರು ಜೊತೆಗೆ ಒಂದನ್ನು ಪರೀಕ್ಷೆಗೆ ತೆಗೆಯುವುದು ನಿಯಮ. ಅದಕ್ಕೊಂದು ಯಂತ್ರ ಇರಬೇಕೆಂದೂ ನಿಯಮವಿತ್ತಂತೆ. ಯಂತ್ರದ ಬದಲು ಕಲ್ಲುಗೈಯನ್ನು ಕೂರಿಸಿದ್ದರು. ಕೈಗವಸು ಹಾಕಿಕೊಂಡು, ಕಾದ ರಾಡು ಹಿಡಿದು, ಇಪ್ಪತ್ತು ಎಣಿಸುವುದು ಅವಳ ಕೆಲಸ. ಸುಡದಿದ್ದರೆ ಚೀಟಿಯ ಮೇಲೆ ಪಾಸ್ ಎಂಬ ಮುದ್ರೆ ಒತ್ತಬೇಕು. ಇಲ್ಲಿಗೆ ಬರುವ ಮುಂಚೆ ಅವಳು ಹನ್ನೆರಡು ವರ್ಷ ಇಟ್ಟಿಗೆ ಗೂಡಿನಲ್ಲಿ ಬಿಸಿ ಇಟ್ಟಿಗೆ ಇಳಿಸಿದವಳು. ಕಸ ಗುಡಿಸಲು ಸೇರಿದ ಮೊದಲ ವಾರದಲ್ಲೇ, ಕುದಿಯುವ ನೀರಿನ ಪಾತ್ರೆಯನ್ನು ಬರಿಗೈಲಿ ಒಲೆಯಿಂದ ಇಳಿಸಿದ್ದನ್ನು ಸೂಪರ್‌ವೈಸರ್ ನೋಡಿದ್ದ. ಮಾರನೆಯ ದಿನ ಪೊರಕೆ ಬಿಡಿಸಿ ಮೇಜಿಗೆ ಕೂರಿಸಿದ. ಅದನ್ನವಳು ಬಡ್ತಿ ಎಂದು ತಿಳಿದಳು. ನಾವೂ ಹಾಗೇ ತಿಳಿದು ಹೊಟ್ಟೆಕಿಚ್ಚು ಪಟ್ಟಿದ್ದೆವು.

"ಮೂರು ಗಂಟೆಗೆ ಯಜಮಾನ್ರು ಬರ್ತಾರೆ," ಸೂಪರ್‌ವೈಸರ್ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಮಾಲು ಕೊಳ್ಳೋ ಕಂಪನಿ ಮೇಡಮ್ಮೂ ಬರ್ತಾರೆ. ಅವರೆದುರಿಗೆ ಇದಕ್ಕೆ ಹೆಬ್ಬೆಟ್ಟು ಒತ್ತು."

"ಏನು ಬರ್ದಿದೆ?"

"ಬರೀ ಫಾರ್ಮಾಲಿಟಿ."

"ನನ್ನ ಬೆರಳಲ್ಲಿ ಗೆರೆನೇ ಇಲ್ವಲ್ಲ ಸಾರ್. ಗೂಡಲ್ಲೇ ಹೋಯ್ತು."

"ಮಸಿ ಬಿದ್ರೆ ಸಾಕು."

ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ಮುದ್ರೆಯ ಡಬ್ಬಿ ಹೇರಿ ಹೋದ.

ಮಧ್ಯಾಹ್ನ ಒಂದು ಗಂಟೆಗೆ ಮಿಷನ್ನು ನಿಂತವು. ನಾವು ನಲ್ಲಿಯ ಹತ್ತಿರ ಕುಳಿತು ಡಬ್ಬಿ ಬಿಚ್ಚಿದೆವು. ಕಲ್ಲುಗೈ ಡಬ್ಬಿ ತರಲಿಲ್ಲ. ಸುಟ್ಟ ಕೈಗವಸೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಗದ ತಂದಳು. ನನ್ನ ಮುಂದೆ ಹಿಡಿದಳು.

"ಓದೇ."

ನಾನು ಓದಿದೆ. ಪರೀಕ್ಷೆ ಮಾಡದೆಯೇ ಪಾಸ್ ಮುದ್ರೆ ಒತ್ತಿದ್ದೇನೆ, ಇದು ಕಂಪನಿಯ ಗಮನಕ್ಕೆ ಬಂದಿರಲಿಲ್ಲ, ಆಗಿರುವ ಎಲ್ಲ ಹಾನಿಗೆ ನಾನೊಬ್ಬಳೇ ಹೊಣೆ, ಕಾನೂನು ಕ್ರಮಕ್ಕೆ ಒಪ್ಪಿದ್ದೇನೆ. ಹನ್ನೊಂದು ಸಾಲು. ಕೆಳಗೆ ಹೆಬ್ಬೆಟ್ಟಿಗೆಂದು ಪೆನ್ಸಿಲಿನಲ್ಲಿ ಚೌಕ ಹಾಕಿದ್ದರು.

"ಕಾನೂನು ಕ್ರಮ ಅಂದ್ರೆ?"

"ಜೈಲು ಅಕ್ಕ," ಎಂದಳು ನಮ್ಮ ಬಾಯಿಬಡುಕಿ. ಮಾತಿಗೆ ಮುಂಚೆ ನಗುವ ಹೆಂಗಸು, ಆ ದಿನ ನಗಲಿಲ್ಲ. ಅವಳಿಗೆ ಲಾರಿ ಚಾಲಕನಿಂದ ಪೂರ್ತಿ ಸಂಗತಿ ಗೊತ್ತಾಗಿತ್ತು. ಹದಿನೇಳು ಕೈ ಸುಟ್ಟಿದ್ದು ಒಂದೇ ದಿನ ಅಲ್ಲ, ನಾಲ್ಕು ತಿಂಗಳಲ್ಲಿ. ಎಲ್ಲವೂ ಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿಯರ ಕೈ. ಅವರ ಮಾಲೀಕರು ಮುಲಾಮು ಹಚ್ಚಿಸಿ ಮತ್ತೆ ನಿಲ್ಲಿಸಿದ್ದರು. ಹೋದ ವಾರ ಒಬ್ಬ ಹುಡುಗಿ ಉರಿ ತಾಳದೆ ಬೆರಳು ಕೊಡವಿದಾಗ ರಾಡು ಜಾರಿ ಗಿರಾಕಿಯ ಕುತ್ತಿಗೆಗೆ ಬಿತ್ತು. ಆಕೆ ದೊಡ್ಡ ಅಧಿಕಾರಿಯ ಸೊಸೆ. ಹದಿನೇಳು ಕೈಗೆ ಒಂದು ಪತ್ರವೂ ಬಂದಿರಲಿಲ್ಲ. ಒಂದು ಕುತ್ತಿಗೆಗೆ ವಕೀಲರ ನೋಟಿಸು ಬಂತು.

"ನಾನು ಒಂದನ್ನೂ ಹಿಡೀದೆ ಬಿಟ್ಟಿಲ್ಲ," ಎಂದಳು ಕಲ್ಲುಗೈ. "ಒಂದನ್ನೂ. ಜ್ವರ ಬಂದಾಗ್ಲೂ ಇಪ್ಪತ್ತು ಎಣ್ಸಿದೀನಿ. ಹಿಂಗಿರೋವಾಗ ಹೆಂಗೆ ಸುಡ್ತು? ಏನಾಗಿದೆ ಅದ್ರೊಳಗೆ?"

ಯಾರೂ ತುತ್ತು ಎತ್ತಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು.

ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಬಾಯಿಬಡುಕಿಯ ಸೊಂಟದಲ್ಲಿದ್ದ ದಾರ ಕತ್ತರಿಸುವ ಕತ್ತರಿಯನ್ನು ತಾನೇ ಕಿತ್ತುಕೊಂಡಳು. ಕೈಗವಸಿನ ಬೆರಳನ್ನು ಉದ್ದಕ್ಕೆ ಸೀಳಿದಳು. ಹೊರಗೆ ಕಪ್ಪು ಬಟ್ಟೆ, ಒಳಗೆ ಬಿಳಿ ಬಟ್ಟೆ. ನಡುವೆ ಏನೂ ಇರಲಿಲ್ಲ.

"ಹಳದಿ ಎಲ್ಲಿ?"

ಹಳದಿ ಎಂದರೆ ನಡುವಿನ ಪದರ. ಬಿಸಿ ತಡೆಯುವುದು ಅದೊಂದೇ. ದಪ್ಪ, ಒರಟು, ಹೊಲಿಯುವಾಗ ಸೂಜಿ ಮುರಿಯುತ್ತಿತ್ತು.

"ನಾಲ್ಕು ತಿಂಗಳಾಯ್ತು ಕಣಕ್ಕ," ಎಂದೆ. ಯಾರಾದರೂ ಹೇಳಲೇಬೇಕಿತ್ತು. "ಹಳದಿ ರೋಲು ಬರೋದು ನಿಂತ್ಹೋಯ್ತು. ಹೊಸ ಡಿಸೈನು, ಇನ್ಮೇಲೆ ಎರಡೇ ಪದರ ಅಂದ ಸೂಪರ್‌ವೈಸರ್."

"ನಿಮ್ಗೆಲ್ಲ ಗೊತ್ತಿತ್ತಾ?"

"ಹೊಲಿಯೋರು ನಾವಲ್ವಾ?"

ಗೊತ್ತಿತ್ತು. ಒಂದು ಹೊಲಿಗೆ ಕಡಿಮೆಯಾಗಿತ್ತು, ಸೂಜಿ ಮುರಿಯುವುದು ನಿಂತಿತ್ತು. ದಿನದ ಲೆಕ್ಕ ಬೇಗ ಮುಗಿದು ಅರ್ಧ ಗಂಟೆ ಮುಂಚೆ ಮನೆ ಸೇರುತ್ತಿದ್ದೆವು. ಅದಕ್ಕೆ ಯಾರೂ ತಕರಾರು ಎತ್ತಿರಲಿಲ್ಲ.

"ಬಾಯಿಗೇನು ಅದೇ ದಾರದಲ್ಲಿ ಹೊಲಿಗೆ ಹಾಕ್ಕೊಂಡಿದ್ರೇನ್ರೇ, ಹಲ್ಕಾ ಮುಂಡೇರಾ?"

"ಮೇಜಿನ್ಮೇಲೆ ನೀನಿದೀಯಲ್ಲ ಅಂತ," ಬಾಯಿಬಡುಕಿ ನೆಲ ನೋಡಿಕೊಂಡು ಹೇಳಿದಳು. "ಸುಟ್ರೆ ನೀನು ಹೇಳ್ತೀಯ. ನೀನೇ ಪಾಸು ಒತ್ತಿದ್ಮೇಲೆ ಎರಡು ಪದರನೇ ಸಾಕೇನೋ ಅಂದ್ಕೊಂಡ್ವಿ."

ಕಲ್ಲುಗೈ ಸೀಳಿದ ಬೆರಳನ್ನು ಮತ್ತೆ ಮಡಿಸಿದಳು.

"ಏನಾದ್ರೂ ಕಮ್ಮಿ ಆಗಿದ್ರೆ ಹೊಲಿಯೋರು ಹೇಳ್ತಾರೆ ಅಂತ ನಾನು," ಎಂದಳು.

ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಒಳಗೆ ಹೋಗಿ ರಾಡಿನ ಸ್ವಿಚ್ಚು ಹಾಕಿದಳು. ಅಂಕಿ ಇನ್ನೂರಕ್ಕೆ ಏರುವವರೆಗೆ ಕಾದಳು. ಅಂದು ಬೆಳಗ್ಗೆ ಹೊಲಿದ ಹೊಸ ಕೈಗವಸನ್ನು ನನ್ನ ಕೈಗೆ ತೊಡಿಸಿದಳು.

"ಹಿಡ್ಕೋ. ಎಣಿಸ್ತೀನಿ."

ಮೂರಕ್ಕೆ ಬೆಚ್ಚಗಾಯಿತು. ಐದಕ್ಕೆ ಉರಿಯಿತು. ಏಳಕ್ಕೆ ನಾನು ಕೈ ಬಿಟ್ಟು, ಕೈಗವಸು ಕಿತ್ತೆಸೆದು, ಬೆರಳು ಬಾಯಿಗೆ ಹಾಕಿಕೊಂಡೆ.

ಅದೇ ಕೈಗವಸನ್ನು ತಾನು ಹಾಕಿಕೊಂಡಳು. ರಾಡು ಹಿಡಿದು ಇಪ್ಪತ್ತು ಎಣಿಸಿದಳು. ನಿಲ್ಲಿಸಲಿಲ್ಲ. ಮೂವತ್ತಾಯಿತು. ನಲವತ್ತಾದಾಗ ಕೂದಲು ಸುಟ್ಟಂಥ ವಾಸನೆ ಬಂತು. ಬಾಯಿಬಡುಕಿ ಓಡಿಹೋಗಿ ಸ್ವಿಚ್ಚು ಆರಿಸಿದಳು. ಕೈಗವಸು ತೆಗೆದಾಗ ತೋರುಬೆರಳಿನ ಮೇಲೆ ದಪ್ಪ ಚರ್ಮ ಬಿಳುಚಿಕೊಂಡು ಎದ್ದಿತ್ತು. ಅವಳು ಅದನ್ನು ಬೇರೆ ಯಾರದೋ ಕೈ ನೋಡುವ ಹಾಗೆ ತಿರುಗಿಸಿ ನೋಡಿದಳು.

"ನಂಗೇನೂ ಆಗ್ಲಿಲ್ಲ ಕಣೇ," ಎಂದಳು. "ಸ್ವಲ್ಪ ಬೆಚ್ಚಗಾಯ್ತು, ಅಷ್ಟೇ."

ಮೂರು ಗಂಟೆ ಇಪ್ಪತ್ತಕ್ಕೆ ಕಾರು ಬಂತು. ಯಜಮಾನರು ಮುಂದೆ, ಕೊಳ್ಳುವ ಕಂಪನಿಯ ಮೇಡಂ ಹಿಂದೆ. ಆಕೆಯ ಕೂದಲು ಭುಜದವರೆಗೆ ಗುಂಗುರು, ಒಂದೊಂದು ಸುರುಳಿಯೂ ಒಂದೇ ಅಳತೆ. ಒಂದೊಂದಕ್ಕೂ ಯಾರದೋ ಬೆರಳು ಹತ್ತು ಸೆಕೆಂಡಾದರೂ ರಾಡಿಗೆ ಒತ್ತಿರಬೇಕು.

ಯಜಮಾನರು ಬೈಯುವ ಪೈಕಿಯಲ್ಲ. ಕಲ್ಲುಗೈಗೆ ಕೂರಲು ಸ್ಟೂಲು ಹಾಕಿಸಿದರು.

"ಕೂತ್ಕೊ ತಾಯಿ. ವಯಸ್ಸಾಯ್ತು, ಗಮನ ತಪ್ತು. ಮನುಷ್ಯರಲ್ವಾ? ನಾನಿದೀನಿ, ಹೆದರ್ಬೇಡ. ಒತ್ತು."

"ಕೂರಲ್ಲ ಸಾರ್. ಹಳದಿ ಯಾಕೆ ನಿಲ್ಸಿದ್ರಿ?"

ಯಜಮಾನರು ಸೂಪರ್‌ವೈಸರ್ ಕಡೆ ನೋಡಿದರು. ಸೂಪರ್‌ವೈಸರ್ ನಮ್ಮ ಕಡೆ ನೋಡಿದ. ಮಿಷನ್ನುಗಳು ನಿಂತಿದ್ದು ಆಗ. ಯಾರು ಮೊದಲು ನಿಲ್ಲಿಸಿದರೋ ತಿಳಿಯದು. ಇಪ್ಪತ್ತೆರಡೂ ನಿಂತವು.

"ಹೊಲೀರೇ, ನಿಮ್ಮಪ್ಪನ ಮನೆ ಮದುವೆ ನಡೀತಿಲ್ಲ ಇಲ್ಲಿ!" ಎಂದು ಸೂಪರ್‌ವೈಸರ್ ಕಿರುಚಿದ.

"ಮದುವೆ ಆಗಿದ್ರೆ ನಿನ್ನ ಕರೀತಿದ್ವಾ ಸಾರ್?" ಎಂದಳು ಬಾಯಿಬಡುಕಿ. ಯಾರೋ ಹಿಂದೆ ಕಿಸಕ್ಕೆಂದರು.

ಕಲ್ಲುಗೈ ರಾಡಿನ ಸ್ವಿಚ್ಚು ಹಾಕಿದಳು. ಕಟ್ಟಿಟ್ಟ ಪೆಟ್ಟಿಗೆಯೊಂದನ್ನು ಹರಿದು ಹೊಸ ಕೈಗವಸು ತೆಗೆದಳು. ಯಜಮಾನರ ಮುಂದೆ ಚಾಚಿದಳು.

"ಇದು ಹಾಕ್ಕೊಂಡು ಹಿಡೀರಿ. ಇಪ್ಪತ್ತು ಎಣಿಸ್ತೀನಿ. ಕೈ ಬಿಡದೇ ಇದ್ರೆ ಒತ್ತೀನಿ. ಹೆಬ್ಬೆಟ್ಟಲ್ಲ, ಹತ್ತೂ ಬೆರಳು ಒತ್ತೀನಿ."

ಯಜಮಾನರು ನಕ್ಕರು. "ನಾನ್ಯಾಕೆ? ಇವನಿದಾನಲ್ಲ," ಎಂದು ಸೂಪರ್‌ವೈಸರ್ ಬೆನ್ನು ತಟ್ಟಿದರು. ಅವನು ಬಾಯಿ ತೆರೆದ. ಯಜಮಾನರು ಇನ್ನೊಮ್ಮೆ ತಟ್ಟಿದರು.

ಅವನು ಹಾಕಿಕೊಂಡ. ಹಿಡಿದ. ಕಲ್ಲುಗೈ ಎಣಿಸಿದಳು. ಅವಸರ ಮಾಡಲಿಲ್ಲ, ನಿಧಾನವನ್ನೂ ಮಾಡಲಿಲ್ಲ, ದಿನಾ ಎಣಿಸುವ ಹಾಗೇ ಎಣಿಸಿದಳು. ನಾಲ್ಕಕ್ಕೆ ಅವನ ಕತ್ತಿನ ನರ ಉಬ್ಬಿತು. ಆರಕ್ಕೆ "ಅಯ್ಯೋ ಬೋಳಿಮಗಂದು" ಎಂದು ರಾಡು ಎಸೆದ. ಅದು ನೆಲದ ಮೇಲೆ ಉರುಳಿ ಮೇಡಮ್ಮಿನ ಚಪ್ಪಲಿಯ ಹತ್ತಿರ ನಿಂತಿತು. ಆಕೆ ಕಾಲು ಹಿಂದೆಳೆದುಕೊಂಡು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

"ಆರು ಸೆಕೆಂಡ್," ಎಂದರು. ನಂತರ ಯಜಮಾನರನ್ನು ಕೇಳಿದರು: "ಗೋಡೌನಲ್ಲಿ ಇಂಥದು ಎಷ್ಟಿದೆ?"

"ಹನ್ನೊಂದು ಸಾವಿರ ಜೊತೆ."

ಆಕೆ ಯೋಚಿಸಿದರು. ನಾವು ಇಪ್ಪತ್ತೆರಡು ಜನ ಆಕೆಯ ಬಾಯಿಯನ್ನೇ ನೋಡುತ್ತಿದ್ದೆವು.

"ಪೆಟ್ಟಿಗೆ ಮೇಲೆ ಸ್ಟಿಕ್ಕರ್ ಹಾಕ್ಸಿ. ಐದು ಸೆಕೆಂಡಿಗಿಂತ ಹೆಚ್ಚು ಹಿಡೀಬಾರದು ಅಂತ. ಆಗ್ಲೇ ಹೋಗಿರೋ ಮಾಲಿನ ಕೇಸಿಗೆ ಈ ಕಾಗದ ಸಾಕು. ಹೆಬ್ಬೆಟ್ಟು ಬೇಗ ಮುಗಿಸಿ, ನಂಗೆ ಇನ್ನೊಂದು ಕಡೆ ಹೋಗೋದಿದೆ."

ಸೂಪರ್‌ವೈಸರ್ ಎಡಗೈಯಿಂದ ಕಲ್ಲುಗೈಯ ಮಣಿಕಟ್ಟು ಹಿಡಿದ. ಅವಳು ಮುಷ್ಟಿ ಕಟ್ಟಿದಳು. ಯಜಮಾನರು ಕಾರಿನ ಡ್ರೈವರನ್ನು ಕರೆದರು. ಇಬ್ಬರೂ ಸೇರಿ ಅವಳ ಕೈಯನ್ನು ಮೇಜಿಗೆ ಒತ್ತಿ, ಬೆರಳು ಬಿಡಿಸಲು ನೋಡಿದರು. ಹನ್ನೆರಡು ವರ್ಷ ಒಂದೊಂದು ಸಲಕ್ಕೆ ನಾಲ್ಕು ಇಟ್ಟಿಗೆ ಎತ್ತಿದ ಕೈ ಅದು. ಮಧ್ಯಾಹ್ನ ಬಿಳುಚಿದ್ದ ಚರ್ಮ ಹರಿದು ನೀರು ಕಾಗದದ ಮೇಲೆ ಸುರಿಯಿತು. ಬೆರಳು ಬಿಚ್ಚಲಿಲ್ಲ. ಅವಳು ಕೂಗಲೂ ಇಲ್ಲ. ಅವರ ಮುಖಗಳನ್ನೇ ನೋಡುತ್ತ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಹತ್ತಿರವಿದ್ದ ನನಗೆ ಕೇಳಿಸಿತು. ಎಣಿಸುತ್ತಿದ್ದಳು.

ಬಾಯಿಬಡುಕಿ ಎದ್ದಳು. ನಾನು ಎದ್ದೆ. ಹಿಂದೆ ಸ್ಟೂಲುಗಳು ಸರಿದ ಸದ್ದಾಯಿತು. ಡ್ರೈವರ್ ತಿರುಗಿ ನೋಡಿ, ಮೊದಲು ತಾನೇ ಕೈ ಬಿಟ್ಟ. "ಸಾರ್, ನಂದು ಬರೀ ಕಾರು ಓಡಿಸೋ ಕೆಲಸ," ಎಂದ.

ನಾಲ್ಕು ಗಂಟೆಗೆ ಕಲ್ಲುಗೈಯನ್ನು ಗೇಟಿನ ಹೊರಗೆ ಹಾಕಿದರು. ಸಂಜೆ ಆರೂವರೆಗೆ ಇಬ್ಬರು ಪೊಲೀಸರು ಅವಳ ಮನೆಗೆ ಹೋಗಿ ಕರೆದುಕೊಂಡು ಹೋದರು. ಹೆಬ್ಬೆಟ್ಟಿಲ್ಲದ ಕಾಗದದ ಮೇಲೆ ದೂರು ಹೇಗೆ ಬರೆದುಕೊಂಡರೆಂದು ಕೇಳಲು ನಾವು ಎಂಟು ಜನ ಠಾಣೆಗೆ ಹೋದೆವು. ಬರುವುದಾದರೆ ಒಬ್ಬೊಬ್ಬರೇ ಬನ್ನಿ ಎಂದರು.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಸ್ಟಿಕ್ಕರಿನ ಕಟ್ಟುಗಳು ಬಂದಿದ್ದವು. ಪರೀಕ್ಷೆಯ ಮೇಜು ಖಾಲಿ ಇತ್ತು. ಸೂಪರ್‌ವೈಸರ್ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಮೊದಲನೇ ಮಿಷನ್ನಿನ ಹತ್ತಿರ ಬಂದು ನಿಂತ.

"ಅಂಗೈ ತೋರ್ಸು. ಆ ಮೇಜಿಗೆ ಕೂರ್ಸೋಕೆ ಯಾರ ಕೈ ಗಟ್ಟಿ ಇದೆ ನೋಡ್ಬೇಕು."

ಅವಳು ತೋರಿಸಲಿಲ್ಲ. ಎರಡನೆಯವಳ ಹತ್ತಿರ ಬಂದ. ನನ್ನ ಹತ್ತಿರ ಬಂದ. ಹೀಗೆ ಇಪ್ಪತ್ತೆರಡನೇ ಮಿಷನ್ನಿನವರೆಗೆ ಹೋದ. ಎಲ್ಲರೂ ಕೈ ಮುಂದೆ ಚಾಚಿದ್ದೆವು, ಯಾರೂ ಮುಷ್ಟಿ ಬಿಚ್ಚಲಿಲ್ಲ. "ಒಂದು ಮುಷ್ಟಿ ಬಿಚ್ಚೋವರೆಗೂ ಬಾಗಿಲು ತೆಗೆಯಲ್ಲ," ಎಂದು ಎಂಟೂ ಹತ್ತಕ್ಕೆ ಅವನು ಹೊರಗೆ ಹೋಗಿ ಶೆಡ್ಡಿನ ಬಾಗಿಲಿಗೆ ಬೀಗ ಹಾಕಿದ. ನಾವು ಒಳಗೇ ಇದ್ದೆವು.