ಮೂರನೇ ಸಲ ಯಾರೂ ಕೇಳಲಿಲ್ಲ

ವೆರ್ಲಿನ್ ಸ್ಕಾರ್ ತನ್ನ ಮೋಟರ್‌ಹೋಮನ್ನು ಚಳಿಗಾಲಕ್ಕೆ ಸಿದ್ಧ ಮಾಡಿದ ರೀತಿ ನೋಡಿದ್ದರೆ ಯಾರಾದರೂ ಶಹಬ್ಬಾಸ್ ಎನ್ನಬೇಕಿತ್ತು. ಅಕ್ಟೋಬರಿನಲ್ಲೇ ತೊಟ್ಟಿಯ ನೀರೆಲ್ಲ ಬಸಿದು, ಕೊಳವೆಗಳಿಗೆ ಗಾಳಿ ಊದಿ, ಹೆಪ್ಪುಗಟ್ಟದ ಗುಲಾಬಿ ದ್ರವ ತುಂಬಿಸಿದ್ದ. ಯಾರೂ ಮರೆತು ತಿರುಗಿಸದಿರಲೆಂದು ನಲ್ಲಿಗಳಿಗೆಲ್ಲ ಟೇಪು ಸುತ್ತಿದ್ದ. ಕುಡಿಯುವ ನೀರು ಕ್ಯಾನುಗಳಲ್ಲಿ ಮನೆಯಿಂದಲೇ ಬಂದಿತ್ತು. ಮೂವತ್ತೆರಡು ವರ್ಷ ಶಾಲಾ ಬಸ್ಸುಗಳ ರಿಪೇರಿ ಮಾಡಿ ನಿವೃತ್ತನಾದವನಿಗೆ ಇದೆಲ್ಲ ಏನು ಮಹಾ!

ಆದರೆ ಹೆಂಡತಿ ಆರ್ಡಿಸ್ ಸುಲಭಕ್ಕೆ ಶಹಬ್ಬಾಸ್ ಎನ್ನುವ ಹೆಂಗಸಲ್ಲ. ಮನೆಯಿಂದ ಹೊರಡುವಾಗಲೇ ಷರತ್ತು ಹಾಕಿದ್ದಳು.

"ಜನವರೀಲಿ ಸರೋವರದ ದಂಡೇಲಿ ಇರೋಣ ಅಂತೀಯ, ಆಯ್ತು, ಬರ್ತೀನಿ. ಆದ್ರೆ ಗಾಡಿ ಒಳಗೆ ನಾನು ಕೋಟು ಹಾಕ್ಕೋಬೇಕಾಗಿ ಬಂತೋ, ಗಾಡಿ ಗೋರ್ಡಿಗೆ."

ಗೋರ್ಡಿ ಅವಳ ತಮ್ಮ. ಮೂರು ವರ್ಷದಿಂದ ಆ ಗಾಡಿಯ ಮೇಲೆ ಕಣ್ಣಿಟ್ಟು ಕೂತವನು. ವೆರ್ಲಿನ್‌ಗೆ ಗಾಡಿಯೆಂದರೆ ಪ್ರಾಣ, ಗೋರ್ಡಿಯೆಂದರೆ ಅಷ್ಟಕ್ಕಷ್ಟೆ. ಹಾಗಾಗಿ ಸರೋವರದ ದಂಡೆಯ ತಂಗುದಾಣ ತಲುಪಿ ಗಾಡಿಗೆ ಕರೆಂಟ್ ಜೋಡಿಸಿದ್ದೇ ತಡ, ಮಂಜಿಗೆ ತೂತು ಕೊರೆದು ಮೀನು ಹಿಡಿಯುವುದನ್ನೂ ಬಿಟ್ಟು ಗಾಡಿ ಬೆಚ್ಚಗಿಡುವುದಕ್ಕೇ ನಿಂತ. ಛಾವಣಿಯ ಕಿಂಡಿಗಳಿಗೆ ಸ್ಪಂಜಿನ ದಿಂಬು, ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ. ಗ್ಯಾಸ್ ಹೀಟರ್ ಹಚ್ಚಿದ, ಬುಸ್ಸೆಂದು ಹೊತ್ತಿಕೊಂಡಿತು. ಆಗ ಸೋಫಾದ ಕೆಳಗೊಂದು ಜಾಲರಿಯ ಹತ್ತಿರ ಕಾಲಿಗೆ ತಣ್ಣನೆ ಗಾಳಿ ಸುಳಿದಂತಾಯಿತು. ಅದಕ್ಕೂ ರಜಾಯಿ ಸುತ್ತಿ ಗಟ್ಟಿಯಾಗಿ ತುರುಕಿದ. ಗಾಡಿ ಬೆಚ್ಚಗಾಯಿತು. ಆರ್ಡಿಸ್ ಸ್ವೆಟರಿನ ತೋಳು ಮಡಚಿ, ಓವನ್ನಿನಲ್ಲಿ ಬೇಯಿಸುವ ಹಾಟ್‌ಡಿಶ್‌ಗೆ ಆಲೂಗಡ್ಡೆ ಹೆಚ್ಚಲು ಕೂತಳು. ವೆರ್ಲಿನ್ ಶಿಳ್ಳೆ ಹಾಕಿದ.

ಶಿಳ್ಳೆ ಅರ್ಧ ಗಂಟೆ ಬಾಳಿತು. ಆಮೇಲೆ ಹೀಟರಿನ ಫ್ಯಾನು ಮಾತ್ರ ತಿರುಗಿ ತಣ್ಣನೆ ಗಾಳಿ ಊದತೊಡಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಂಡಿತು, ಮತ್ತೆ ಆರಿತು. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ವೆರ್ಲಿನ್ ಬ್ಯಾಟರಿ ನೋಡಿದ, ಸರಿಯಿತ್ತು. ಹೊರಗಿಳಿದು ಗ್ಯಾಸಿನ ಕೊಳವೆ ತಟ್ಟಿದ, ಅದೂ ಸರಿಯಿತ್ತು. ಒಳಗೆ ಬರುವಷ್ಟರಲ್ಲಿ ಆರ್ಡಿಸ್ ಮಡಚಿದ್ದ ತೋಳು ಬಿಚ್ಚಿದ್ದಳು. ಗೂಟಕ್ಕೆ ನೇತುಹಾಕಿದ್ದ ಕೋಟಿನ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಆಗ ಬಾಗಿಲು ತಟ್ಟಿದ ಸದ್ದು. ಪಕ್ಕದ ಗಾಡಿಯ ಡೆಲ್ಫೀನ್ ಬ್ರೂಸಾರ್. ದೂರದ ದಕ್ಷಿಣದ ಲೂಯಿಸಿಯಾನದ ಹೆಂಗಸು, ಮಿನೆಸೋಟಕ್ಕೆ ಬಂದು ಐದೇ ತಿಂಗಳಾಗಿತ್ತು.

"ನೀವು ಹೊರಗೆ ಕೊಳವೆ ತಟ್ತಾ ಇದ್ದದ್ದು ನೋಡ್ದೆ ಸರ್. ನನ್ ಹತ್ರ ಇನ್ನೊಂದು ಕರೆಂಟ್ ಹೀಟರ್ ಇದೆ, ತರ್ಲಾ?"

"ಅಯ್ಯೋ ಬೇಡಮ್ಮ, ನಾವು ಚೆನ್ನಾಗೇ ಇದೀವಿ."

"ಸುಮ್ನೆ ಬಿದ್ದಿದೆ ಸರ್, ತಂದ್ಕೊಡ್ತೀನಿ."

"ನಿಮಗ್ಯಾಕೆ ತೊಂದ್ರೆ, ಬಿಡಿ."

ಮಿನೆಸೋಟದಲ್ಲಿ ಉಪಚಾರಕ್ಕೊಂದು ಕ್ರಮವಿದೆ. ಮೊದಲ ಸಲಕ್ಕೆ ಬೇಡ ಎನ್ನಬೇಕು, ಎರಡನೇ ಸಲಕ್ಕೆ ತೊಂದರೆ ಯಾಕೆ ಎನ್ನಬೇಕು, ಮೂರನೇ ಸಲ ಕೇಳಿದಾಗ "ನೀವಿಷ್ಟು ಹೇಳ್ತೀರಿ ಅಂದ್ರೆ..." ಎಂದು ರಾಗ ಎಳೆದು ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಎಂದವನ ಬಗ್ಗೆ ಚರ್ಚಿನ ಹೆಂಗಸರು ವರ್ಷವಿಡೀ ಆಡಿಕೊಳ್ಳುತ್ತಾರೆ. ವೆರ್ಲಿನ್ ರಾಗ ಎಳೆಯಲು ಸಿದ್ಧನಾಗಿ ನಿಂತ.

"ಆಯ್ತು ಸರ್, ಬೆಚ್ಚಗಿರಿ!" ಎಂದು ಡೆಲ್ಫೀನ್ ಕೈಬೀಸಿ ಹೊರಟೇಹೋದಳು.

ವೆರ್ಲಿನ್ ತೆರೆದ ಬಾಗಿಲಲ್ಲೇ ನಿಂತಿದ್ದ. ಒಳಗಿದ್ದ ಅಷ್ಟಿಷ್ಟು ಬಿಸಿಯೂ ಅವನ ಪಕ್ಕದಿಂದಲೇ ಹೊರಗೆ ಹೋಯಿತು.

"ಮೂರನೇ ಸಲ ಕೇಳ್ಲೇ ಇಲ್ವಲ್ಲೇ!"

"ಅವಳ ಊರಲ್ಲಿ ಬೇಡ ಅಂದ್ರೆ ಬೇಡ ಅಂತ್ಲೇ ಅರ್ಥ ಇರ್ಬೇಕು ಕಣೋ," ಎಂದು ಆರ್ಡಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಾಗ್ಲು ಹಾಕು ಮಾರಾಯ!" ನಗುತ್ತಲೇ ಎದ್ದು ಗೂಟದಿಂದ ಕೋಟು ತೆಗೆದಳು. ಒಂದು ತೋಳು ಹಾಕಿದಳು. ಇನ್ನೊಂದನ್ನೂ ಹಾಕಿ ಗುಂಡಿ ಹಾಕಿಕೊಂಡಳು.

ಮುಗಿಯಿತು, ಗಾಡಿ ಹೋಯಿತು. ಆದರೂ ವೆರ್ಲಿನ್‌ಗೆ ಆ ಹೊತ್ತಿನಲ್ಲಿ ಗಾಡಿಗಿಂತ ಹೆಚ್ಚಾಗಿ ಕಂಡದ್ದು ಹೆಂಡತಿಯ ಕೆಂಪಾದ ಮೂಗಿನ ತುದಿ. ಟೋಪಿಯನ್ನೂ ಹಾಕಿಕೊಳ್ಳದೆ ಹಿಮದಲ್ಲಿ ಪಕ್ಕದ ಗಾಡಿಗೆ ನಡೆದ. ಅರವತ್ತೊಂದು ವರ್ಷದಲ್ಲಿ ಯಾರ ಬಾಗಿಲಲ್ಲೂ ಆಡದ ಮಾತಿಗೆ ನಾಲಿಗೆ ಸುಲಭಕ್ಕೆ ಹೊರಳಲಿಲ್ಲ.

"ಡೆಲ್ಫೀನ್ ಅವ್ರೇ, ನಾನು ಸುಳ್ಳು ಹೇಳ್ದೆ. ನಮಗೆ ಚಳಿ ಆಗ್ತಿದೆ. ಆ ಹೀಟರ್ ಬೇಕು ನಮಗೆ."

"ಅದನ್ನ ಆಗ್ಲೇ ಹೇಳೋದಲ್ವಾ ಸರ್!" ಎಂದು ಅವಳು ಹೀಟರ್ ಎತ್ತಿಕೊಂಡು ಅವನಿಗಿಂತ ಮುಂದೆ ಬಂದಳು.

ಪ್ಲಗ್ಗು ಹುಡುಕುತ್ತ ಡೆಲ್ಫೀನ್ ಸೋಫಾದ ಬಳಿ ಮಂಡಿಯೂರಿದಳು. ರಜಾಯಿ ಅಡ್ಡ ಸಿಕ್ಕಿತು. ಎಳೆದು ಹಾಕಿದಳು. "ಇದೇನ್ ಸರ್, ಹೀಟರಿನ ಬಾಯಿಗೇ ಬಟ್ಟೆ ತುರುಕಿದೀರಲ್ಲ? ಗಾಳಿ ಎಳ್ಕೊಳ್ಳೋದೇ ಇಲ್ಲಿಂದ. ಉಸಿರು ಕಟ್ಟಿ, ಕಾವು ಹೆಚ್ಚಾಗಿ, ತಾನಾಗೇ ಆಫ್ ಆಗಿದೆ ಪಾಪ."

ಮೂವತ್ತೆರಡು ವರ್ಷದ ಮೆಕ್ಯಾನಿಕ್ಕು ಕಿವಿಯವರೆಗೂ ಕೆಂಪಾದ. ತಣ್ಣನೆ ಗಾಳಿ ಒಳಗೆ ಬರುತ್ತಿದೆ ಎಂದುಕೊಂಡಿದ್ದು ಹೀಟರ್ ಎಳೆದುಕೊಳ್ಳುತ್ತಿದ್ದ ಉಸಿರು! ಐದೇ ನಿಮಿಷಕ್ಕೆ ಬುಸ್ಸೆಂದು ಹೊತ್ತಿಕೊಂಡ ಹೀಟರ್ ಆಮೇಲೆ ಆರಲೇ ಇಲ್ಲ. ಹಾಟ್‌ಡಿಶ್ ಬೆಂದು, ಆರ್ಡಿಸ್ ಬಡಿಸುತ್ತೇನೆಂದಾಗ ಡೆಲ್ಫೀನ್ ಮೊದಲ ಸಲಕ್ಕೇ ಹೂಂ ಎಂದಳು, ಎರಡು ಸಲ ಹಾಕಿಸಿಕೊಂಡು ತಿಂದಳು, ಸಂಜೆಗೆಂಪಿನಲ್ಲಿ ಹಾಡು ಗುನುಗುತ್ತ ತನ್ನ ಗಾಡಿಗೆ ಹೋದಳು.

ವೆರ್ಲಿನ್ ಮೇಜಿನ ಮೇಲಿದ್ದ ಫೋನನ್ನು ಹೆಂಡತಿಯ ಕಡೆ ಸರಿಸಿದ. ಮಾತಿಗೆ ತಪ್ಪುವವನಲ್ಲ ಅವನು.

"ನೀನು ಕೋಟು ಹಾಕ್ಕೊಂಡೆ. ಗೋರ್ಡಿಗೆ ಹೇಳ್ಬಿಡು."

ಆರ್ಡಿಸ್ ಫೋನು ಮುಟ್ಟಲಿಲ್ಲ.

"ಚಳಿಗೆ ನಾನು ಯಾವತ್ತು ಹೆದರಿದ್ದೆ? ಗಾಡಿ ಕೆಟ್ರೆ ನೀನು ಅದರ ಕೆಳಗೆ ಮೂರು ಗಂಟೆ ಮಲಗ್ತೀಯ, ಯಾರನ್ನೂ ಕರಿಯಲ್ಲ. ಬದುಕಿದಾನೋ ಇಲ್ವೋ ಅಂತ ನಾನು ಒಳಗೆ ಒಬ್ಳೇ ಕೂತು ನಡುಗ್ತಿರ್ತೀನಿ. ಅದಕ್ಕೇ ಕಣೋ ಈ ಗಾಡಿ ಗೋರ್ಡಿಗೆ ಅಂದಿದ್ದು."

ಅವಳು ಕೋಟಿನ ಗುಂಡಿ ಬಿಚ್ಚಿದಳು.

"ಇವತ್ತು ನನಗೋಸ್ಕರ ಹೋಗಿ ಬಾಯಿಬಿಟ್ಟು ಕೇಳ್ದೆ. ಗೋರ್ಡಿ ಬೇರೆ ಗಾಡಿ ನೋಡ್ಕೊಳ್ಲಿ."